ಮೊದಲ ಸೀಸನ್ನಿನ ಅಪ್ಪ

ಡ್ರೈವಿಂಗ್ ಮೇಷ್ಟ್ರ ಒಡಹುಟ್ಟಿದ ತಮ್ಮ ಐವತ್ತು ದಾಟಿದ ಮೇಲೆ ಅವರ ಹತ್ತಿರ ಕಾರು ಕಲಿಯಲು ಬಂದ. ಬಂದವನು ನೇರ ಅಣ್ಣನ ಎದುರು ನಿಲ್ಲಲಿಲ್ಲ. ಸ್ಕೂಲಿನ ಕೌಂಟರಿನಲ್ಲಿ ಕೂತಿದ್ದ ಅತ್ತಿಗೆಗೆ ಫೋಟೊ ಕೊಟ್ಟು, ಎಲ್ಲರ ಹಾಗೆ ರಸೀದಿ ಪಡೆದು, ಬೆಂಚಿನ ಮೇಲೆ ತನ್ನ ಸರದಿಗೆ ಕಾದ. ಅಣ್ಣ ತಮ್ಮಂದಿರ ನಡುವೆ ಮಾತು ನಿಂತು ಮೂವತ್ತು ವರ್ಷವಾಗಿತ್ತು. ಆದರೆ ಫೀಸು ಕಟ್ಟಿದ ಶಿಷ್ಯನ ಜೊತೆ ಮೇಷ್ಟ್ರು ಮಾತಾಡಲೇಬೇಕಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವಂಥ ಈ ಉಪಾಯ ಯಾರ ತಲೆಯಿಂದ ಬಂತೆಂದು ಮೇಷ್ಟ್ರು ವಿಚಾರಿಸಲಿಲ್ಲ. ಹೆಂಡತಿ ಅವರ ಮುಖ ತಪ್ಪಿಸಿ ಗೋಡೆಯ ಮೇಲಿನ ಟ್ರಾಫಿಕ್ ಚಿಹ್ನೆಗಳನ್ನು ಮೊದಲ ಸಲ ಕಂಡವಳಂತೆ ನೋಡುತ್ತಿದ್ದಳು.

"ಸೀಟು ಮುಂದಕ್ಕೆ ಎಳ್ಕೊಳ್ಳಿ," ಎಂದರು ಮೇಷ್ಟ್ರು. "ಕನ್ನಡಿ ಸರಿ ಮಾಡ್ಕೊಳ್ಳಿ. ಬೆಲ್ಟ್ ಹಾಕ್ಕೊಳ್ಳಿ."

"ಅಣ್ಣಾ, ನನ್ಗೂ ನೀವು ತಾವು ಅಂತೀಯಾ?"

"ಕ್ಲಚ್ ತುಳೀರಿ."

ಪಕ್ಕದಲ್ಲಿ ಮಗು ಮಲಗಿದೆಯೇನೋ ಅನ್ನುವಷ್ಟು ಸಣ್ಣ ದನಿ. ಶಿಷ್ಯರು ಅವರ ಬೆನ್ನ ಹಿಂದೆ ಅವರನ್ನು ಸೈಲೆನ್ಸರ್ ಮೇಷ್ಟ್ರು ಎನ್ನುತ್ತಿದ್ದರು. ಕಾರು ಲಾರಿಯ ಚಕ್ರದಡಿ ಹೊರಟಿದ್ದರೂ ಅವರು ಹವಾಮಾನ ಹೇಳಿದ ಹಾಗೆ "ನಿಲ್ಸಿ" ಅನ್ನುವರು; ಅಷ್ಟರಲ್ಲಿ ಅವರ ಕಾಲ ಬಳಿಯ ಎರಡನೇ ಬ್ರೇಕು ತನ್ನ ಕೆಲಸ ಮುಗಿಸಿರುತ್ತಿತ್ತು.

ಹುಟ್ಟಿನಿಂದ ಅವರ ದನಿ ಹೀಗಿರಲಿಲ್ಲ. ಒಂದು ಕಾಲದಲ್ಲಿ ಅವರು ಈ ಬೀದಿಯಲ್ಲಿ ಬೈದರೆ ಆ ಬೀದಿಯ ಸ್ಕೂಟರು ನಿಲ್ಲುತ್ತಿತ್ತು. ಕೋಪ ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು. ಮೊದಲು ಮೂಗಿನಲ್ಲಿ ಜೋರಾಗಿ ಉಸಿರೆಳೆದುಕೊಳ್ಳುವರು, ಆಮೇಲೆ "ನಾನ್ ಹೇಳಿದ್ದು ಯಾರ ಕಿವಿಗೂ ಬೀಳಲ್ವಾ!" ಎಂದು ಕೂಗುವರು. ಕೂಗು ಕೊನೆಗೆ ಬರುವಷ್ಟರಲ್ಲಿ ಗಂಟಲಿನ ಹಿಡಿತ ತಪ್ಪಿ ಕೀಚಲಾಗಿ ಮೇಲಕ್ಕೆ ಹಾರುತ್ತಿತ್ತು. ಅದು ಅವರಿಗೆ ಗೊತ್ತಿರಲಿಲ್ಲ. ತನ್ನ ಗಂಟಲು ಹೊರಗಿನವರಿಗೆ ಹೇಗೆ ಕೇಳುತ್ತದೆಂದು ಯಾರಿಗೆ ತಾನೆ ಗೊತ್ತಿರುತ್ತದೆ!

ಗೊತ್ತು ಮಾಡಿಸಿದವನು ತಮ್ಮ. ಆಗಿನ್ನೂ ಅವನು ಜಾಹೀರಾತುಗಳಿಗೆ ಕೆಮ್ಮು, ಸೀನು, ಗೊರಕೆ ಕೊಟ್ಟುಕೊಂಡಿದ್ದ. ಒಂದು ಸಂಸಾರದ ಕತೆಯ ಹೊಸ ಕಾರ್ಟೂನ್ ಧಾರಾವಾಹಿಯಲ್ಲಿ ಅವನಿಗೆ ಅಪ್ಪನ ದನಿಯ ಪಾತ್ರ ಸಿಕ್ಕಿತು. ಅಪ್ಪ ಲಿಫ್ಟ್ ರಿಪೇರಿಯವನು, ಎತ್ತರವೆಂದರೆ ಅವನಿಗೆ ಭಯ. ಅವನ ಸುತ್ತ ಒಬ್ಬ ಅಮ್ಮ, ಒಬ್ಬ ಪುಕ್ಕಲು ಮಗ, ಎಲ್ಲದಕ್ಕೂ ಬಾಯಿ ಹಾಕುವ ಅಜ್ಜಿ. ಮೊದಲ ಕಂತು ಬಂದ ದಿನ ಅಣ್ಣನ ಮನೆಯಲ್ಲಿ ನೆಂಟರು, ನೆರೆಯವರು ಎಲ್ಲ ಸೇರಿದ್ದರು. ಪರದೆಯ ಮೇಲಿನ ಅಪ್ಪ ಮೂಗಿನಲ್ಲಿ ಉಸಿರೆಳೆದುಕೊಂಡ, ಕೂಗಿದ, ಕೊನೆಯಲ್ಲಿ ಕೀಚಲಾದ. ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಆಮೇಲೆ ತಿರುಗಿ ಮೇಷ್ಟ್ರನ್ನು ನೋಡಿ ಇನ್ನೊಂದು ಸುತ್ತು ನಕ್ಕರು. ಮೇಷ್ಟ್ರು ಎದ್ದು ಟೀವಿ ಆರಿಸಿದರು.

ಟೀವಿ ಆರಿಸಿದರೆ ಊರು ಆರುತ್ತದೆಯೇ? ವಾರ ಕಳೆಯುವುದರೊಳಗೆ ಆ ಕೂಗು ಎಲ್ಲರ ಬಾಯಲ್ಲಿತ್ತು. ಶಿಷ್ಯನೊಬ್ಬನಿಗೆ ಮೇಷ್ಟ್ರು "ಬ್ರೇಕ್!" ಎಂದು ಕಿರುಚಿದಾಗ ಅವನಿಗೆ ನಗು ತಡೆಯಲಾಗದೆ ಕಾಲು ಆಕ್ಸಿಲರೇಟರಿಗೆ ಜಾರಿತು. ಎರಡನೇ ಬ್ರೇಕು ಆಗಿನ್ನೂ ಹಾಕಿಸಿರಲಿಲ್ಲ; ಎದುರಿಗಿದ್ದದ್ದು ದಂತವೈದ್ಯರ ಕಾಂಪೌಂಡು. ಗೋಡೆಯ ಜೊತೆ ಮೇಷ್ಟ್ರ ಮುಂದಿನ ಹಲ್ಲೊಂದು ಹೋಯಿತು. ವೈದ್ಯರು ಗೋಡೆಗಾಗಿ ಬೈದು ಹಲ್ಲು ಕಟ್ಟಿಕೊಟ್ಟರು.

ಅಂದಿನಿಂದ ಮೇಷ್ಟ್ರು ದನಿ ಇಳಿಸಿದರು. ತಮ್ಮನಿಗೆ ಹೆಂಡತಿಯ ಮೂಲಕ ಒಂದೇ ಮಾತು ಹೇಳಿ ಕಳಿಸಿದರು: "ನನ್ನ ಗಂಟಲು ನನಗೆ ಬಿಡೋಕೆ ಹೇಳು." ತಮ್ಮ ಬಿಟ್ಟ. ಎರಡನೇ ಸೀಸನ್ನಿನಿಂದ ಖಾಲಿ ಡ್ರಮ್ಮಿನೊಳಗೆ ಕೂತು ಮಾತಾಡಿದಂಥ ಹೊಸ ದನಿ ತಂದ. ಅದೇ ದನಿ ಅವನಿಗೆ ಹೆಸರು, ಮನೆ, ಕಾರು, ಕಾರಿಗೊಬ್ಬ ಡ್ರೈವರ್ ಎಲ್ಲವನ್ನೂ ಕೊಟ್ಟಿತು. ಮೊದಲ ಸೀಸನ್ನಿನಲ್ಲಿ ಅಪ್ಪನ ದನಿ ಇನ್ನೂ ಹದಕ್ಕೆ ಬಂದಿರಲಿಲ್ಲ ಎಂದು ಈಗ ಬಲ್ಲವರು ಅನ್ನುತ್ತಾರೆ. ಮೇಷ್ಟ್ರಂತೂ ತಮಗೆ ವಾಪಸ್ಸು ಬಂದ ಗಂಟಲನ್ನು ಮತ್ತೆ ಬಳಸಲೇ ಇಲ್ಲ. ಹೀಗೆ ಆ ದನಿ ಅಣ್ಣನಿಗೂ ಇಲ್ಲ, ತಮ್ಮನಿಗೂ ಇಲ್ಲ ಎಂದಾಯಿತು.

ಕೆಂಪು ದೀಪದ ಮುಂದೆ ಕಾರು ನಿಂತಾಗ ತಮ್ಮ ಬಾಯಿಬಿಟ್ಟ.

"ಅಣ್ಣಾ, ಮೊದಲ್ನೇ ಸೀಸನ್ ಮತ್ತೆ ತರ್ತಿದಾರೆ. ಒಂದು ಕಂತಿನ ಸೌಂಡು ಪೂರ್ತಿ ಹಾಳಾಗಿದೆ. ಟೇಪಿಗೆ ಬೂಷ್ಟು ಹಿಡಿದಿದೆ. ಮತ್ತೆ ಹೇಳ್ಬೇಕು. ಕೂಗೋದು ಪರವಾಗಿಲ್ಲ, ಬೇರೆ ಕಂತು ಕೇಳಿ ಕೇಳಿ ಹೆಂಗೋ ಹಿಡ್ದೆ. ಒಂದು ಕಡೆ ಅಪ್ಪ ಮಗನ ಹತ್ರ ಮೆತ್ತಗೆ ಮಾತಾಡ್ತಾನೆ. ಅವತ್ತು ಸ್ಕ್ರಿಪ್ಟಲ್ಲಿ ಏನೂ ಬರ್ದಿರ್ಲಿಲ್ಲ. ಬಾಯಿಗೆ ಬಂದದ್ದು ಹೇಳ್ದೆ, ಅದಕ್ಕೆ ತಕ್ಕ ಹಾಗೆ ಚಿತ್ರ ಬರೆದ್ರು. ಈಗ ಮಾತೂ ನೆನಪಿಲ್ಲ, ದನೀನೂ ಬರ್ತಿಲ್ಲ. ನೀನು ಒಂದ್ಸಲ ನೋಡಿದ್ರೆ..."

"ಹಸಿರು ಬಂತು," ಎಂದರು ಮೇಷ್ಟ್ರು.

"ಡ್ರಮ್ಮಿನ ದನೀಲೇ ಹೇಳ್ಬಿಡು ಅಂತಾರೆ ಕಂಪನಿಯೋರು. ನಾನೇ ಬೇಡ ಅಂದೆ."

"ಒಂದು ಸಲ ಜನ ನಕ್ಕಿದ್ದು ಸಾಕು. ಹೊರಡಿ."

ತಮ್ಮ ಕ್ಲಚ್ ಬಿಟ್ಟ ರಭಸಕ್ಕೆ ಕಾರು ಜಿಗಿದು ಆಫ್ ಆಯಿತು. ಹಿಂದಿನವರೆಲ್ಲ ಒಟ್ಟಿಗೆ ಹಾರ್ನ್ ಮಾಡಿದರು. ಮೇಷ್ಟ್ರು ತಾವೇ ಕೀಲಿ ತಿರುಗಿಸಿದರು. ಪಾಠ ಮುಗಿದಾಗ ತಮ್ಮ ಮೊದಲ ಸೀಸನ್ನಿನ ಡಿಸ್ಕನ್ನು ಅತ್ತಿಗೆಯ ಕೈಗಿಟ್ಟು, ತನ್ನ ಡ್ರೈವರ್ ಓಡಿಸುತ್ತಿದ್ದ ಕಾರಿನಲ್ಲಿ ಹಿಂದೆ ಕೂತು ಹೋದ.

ಭಾನುವಾರ ಮಧ್ಯಾಹ್ನ ಮೇಷ್ಟ್ರು ಮುಂದಿನ ಕೋಣೆಯಲ್ಲಿ ಹಳೆಯ ಪೇಪರು ಹರಡಿಕೊಂಡು ಮಾಸಿದ 'ಎಲ್' ಬೋರ್ಡುಗಳಿಗೆ ಕೆಂಪು ಬಣ್ಣ ತುಂಬುತ್ತಿದ್ದರು. ಹೆಂಡತಿ ಒಗೆದ ಬಟ್ಟೆಯ ರಾಶಿ ತಂದು ಸೋಫಾದ ಮೇಲೆ ಸುರಿದು, ಯಾರನ್ನೂ ಕೇಳದೆ ಡಿಸ್ಕ್ ಹಾಕಿದಳು. ಕೈಯೆಲ್ಲ ಬಣ್ಣವಾದ ಮನುಷ್ಯ ರಿಮೋಟು ಮುಟ್ಟಲಾರ. ಇದನ್ನೂ ಅವಳು ಲೆಕ್ಕ ಹಾಕಿಯೇ ಇದ್ದಳು.

ಮೊದಲ ಸೀಸನ್ನಿನ ಚಿತ್ರಗಳನ್ನು ಬರೆದವರು ಆಗಿನ್ನೂ ಕಲಿಯುತ್ತಿದ್ದರೆಂಬುದು ಚೆನ್ನಾಗಿ ಕಾಣುತ್ತಿತ್ತು. ಅಪ್ಪನ ಕೈಗೆ ಒಮ್ಮೆ ನಾಲ್ಕು ಬೆರಳು, ಒಮ್ಮೆ ಐದು. ಮನೆಯ ಮೆಟ್ಟಿಲು ಎಡಕ್ಕಿದ್ದದ್ದು ಮಗ ಇಳಿದು ಬರುವಷ್ಟರಲ್ಲಿ ಬಲಕ್ಕೆ ಹೋಗಿರುತ್ತಿತ್ತು. ಮೇಷ್ಟ್ರು ತಲೆ ಎತ್ತಬಾರದೆಂದೇ ಕೂತಿದ್ದರು. ಆದರೆ ಪರದೆಯ ಮೇಲೆ ಕಾರು ಬಂತು.

"ಇಂಡಿಕೇಟರ್ ಇಲ್ದೆ ತಿರುಗಿಸ್ದ ನೋಡು! ಈ ಮುಠ್ಠಾಳನಿಗೆ ಲೈಸೆನ್ಸ್ ಕೊಟ್ಟೋನು ಯಾರು?"

"ನೋಡೋದಿಲ್ಲ ಅಂದ್ರಲ್ಲ."

"ನೋಡ್ತಿಲ್ಲ. ಕಣ್ಣಿಗೆ ಬಿತ್ತು."

ಕಣ್ಣಿಗೆ ಬೀಳುತ್ತಲೇ ಹೋಯಿತು. ಅಂದು ನೆಂಟರ ಗದ್ದಲದಲ್ಲಿ ಕಾಣದ್ದು ಈಗ ಕಂಡಿತು. ಆ ಅಪ್ಪ ಕೂಗಿದಾಗಲೆಲ್ಲ ಯಾರೋ ಒಬ್ಬರು ಬೀಳುವುದರಲ್ಲಿರುತ್ತಿದ್ದರು. ಮಗ ಮಾಳಿಗೆಯ ಅಂಚಿನಲ್ಲಿ, ಅಜ್ಜಿ ಸ್ಟೂಲಿನ ಮೇಲೆ. ಕೂಗು ಕೇಳಿ ಮನೆಯಲ್ಲಿ ಯಾರೂ ಹೆದರುತ್ತಿರಲಿಲ್ಲ. ಮಗನಂತೂ ಕೂಗುತ್ತಿರುವ ಅಪ್ಪನ ಕಾಲಿಗೇ ಒರಗಿಕೊಂಡು ಆಟವಾಡುತ್ತಿದ್ದ.

ಆಮೇಲೆ ಸೌಂಡು ಹೋದ ಕಂತು ಬಂತು. ಹೆಂಡತಿ ಟೀವಿಯ ನೆತ್ತಿಗೆ ಎರಡು ತಟ್ಟು ತಟ್ಟಿ, ವಿಷಯ ನೆನಪಾಗಿ ವಾಪಸ್ಸು ಬಂದು ಕೂತಳು. ಶಾಲೆಗೆ ಹೋಗಲಾರೆನೆಂದು ಮಗ ಮುಸುಕು ಹೊದ್ದು ಮಲಗಿದ್ದ. ಅಮ್ಮ ಕರೆದಳು, ಅಜ್ಜಿ ಕರೆದಳು. ಕೊನೆಗೆ ಅಪ್ಪ ಬಂದು ಮಂಚದ ಕಾಲ್ದೆಸೆಯಲ್ಲಿ ಕೂತ. ಹೊದಿಕೆಯ ಮೇಲಿಂದಲೇ ಮಗನ ಕಾಲಿನ ಹೆಬ್ಬೆರಳು ಹಿಡಿದು, ಬಾಗಿಲ ಚಿಲಕ ಅಲ್ಲಾಡಿಸುವ ಹಾಗೆ ಮೆಲ್ಲಗೆ ಅಲ್ಲಾಡಿಸಿದ. ಅವನ ಬಾಯಿ ಸ್ವಲ್ಪ ತೆರೆಯಿತು, ಮುಚ್ಚಿತು, ತೆರೆಯಿತು. ಮಾತು ಕೇಳಿಸಲಿಲ್ಲ.

ಮೇಷ್ಟ್ರ ಕುಂಚದಿಂದ ಕೆಂಪು ಬಣ್ಣ ಪ್ಯಾಂಟಿನ ಮೇಲೆ ತೊಟ್ಟಿಕ್ಕಿತು.

"ಇದು ನಾನು," ಎಂದರು.

"ಎಲ್ಲಾನೂ ನೀವೇ. ಅದಕ್ಕೇ ತಾನೆ ಜಗಳ?"

"ಹಾಗಲ್ವೇ. ಇದು ನಿಜವಾಗ್ಲೂ ನಾನೇ. ಏನು ಹೇಳ್ತಿದೀನಿ ಅಂತ ನಂಗೊತ್ತು."

ಮೇಷ್ಟ್ರ ಅಪ್ಪ ತೀರಿಕೊಂಡಾಗ ತಮ್ಮ ಅಂಬೆಗಾಲಿಡುತ್ತಿದ್ದ. ಅವನನ್ನು ಶಾಲೆಗೆ ಸೇರಿಸುವ ಹೊತ್ತಿಗೆ ಮೇಷ್ಟ್ರಿಗೆ ಇನ್ನೂ ಮೀಸೆ ಸರಿಯಾಗಿ ಮೂಡಿರಲಿಲ್ಲ. ತಾವು ಶಾಲೆ ಬಿಟ್ಟು ಗ್ಯಾರೇಜು ಸೇರಿದ್ದರು. ಶಾಲೆಯ ಮೊದಲ ದಿನ ಬೆಳಗ್ಗೆ ಹೊದಿಕೆಯೊಳಗಿನ ತಮ್ಮನ ಹೆಬ್ಬೆರಳು ಹಿಡಿದು ಹೇಳಿದ್ದನ್ನು ಅವರು ಯಾವತ್ತೂ ಯಾರಿಗೂ ಹೇಳಿರಲಿಲ್ಲ. ಹೇಳುವಂಥದ್ದೆಂದೂ ಅನ್ನಿಸಿರಲಿಲ್ಲ.

ಹೆಂಡತಿ ಒಂದು ಅಂಗಿ ಕೊಡವಿ ಮಡಿಸಿದಳು. "ಅಪ್ಪನ ದನಿ ಮಾಡು ಅಂದ್ರೆ ಅವ್ನು ಇನ್ಯಾರ ದನಿ ಮಾಡ್ಬೇಕಿತ್ತು? ಅವ್ನು ಕಂಡ ಅಪ್ಪ ನೀವೊಬ್ರೇ ತಾನೆ."

"ಇದನ್ನ ಅವತ್ತೇ ಹೇಳೋದಲ್ವಾ?"

"ಹೇಳ್ದೆ. ಟೀವಿ ಜೊತೆ ನನ್ನನ್ನೂ ಆಫ್ ಮಾಡಿದ್ರಿ."

ಮೇಷ್ಟ್ರಿಗೆ ನಾಚಿಕೆಯಾಯಿತು. ದುಃಖವೂ ಆಯಿತು. ತನ್ನನ್ನು ಅಣಕಿಸಿದ್ದಾನೆಂದು ದೂರವಿಟ್ಟಿದ್ದ ಹುಡುಗ ಅಷ್ಟು ವರ್ಷ ಅಣ್ಣನ ದನಿಯನ್ನು ಜೋಪಾನವಾಗಿ ಇಟ್ಟುಕೊಂಡಿದ್ದ. ಬೇಡ ಎಂದು ತಾವೇ ಹೇಳಿ ಬಿಡಿಸಿದ್ದರು. ಮಾಡಿದ್ದುಣ್ಣೋ ಮಾರಾಯ ಅಂತಾರಲ್ಲ, ಅದು. ಆ ದಿನ ಉಳಿದ ಬೋರ್ಡುಗಳಿಗೆ ಬಣ್ಣ ಬೀಳಲಿಲ್ಲ.

ಮುಂದಿನ ಪಾಠಕ್ಕೆ ತಮ್ಮ ಬಂದು ಸ್ಟೀರಿಂಗ್ ಹಿಡಿದಾಗ ಮೇಷ್ಟ್ರು, "ಬಲಕ್ಕೆ ತಗೊಳ್ಳಿ," ಎಂದರು.

"ಮೈದಾನ ಎಡಕ್ಕಲ್ವಾ?"

"ಮೈದಾನಕ್ಕಲ್ಲ. ನಿಮ್ಮ ಸ್ಟುಡಿಯೋಗೆ. ಇಂಡಿಕೇಟರ್ ಹಾಕಿ."

ತಮ್ಮ ಗಾಬರಿಯಲ್ಲಿ ವೈಪರ್ ಹಾಕಿದ. ಬಿರುಬಿಸಿಲಿನಲ್ಲಿ ಒಣ ಗಾಜು ಒರೆಸಿಕೊಂಡೇ ಇಬ್ಬರೂ ಸ್ಟುಡಿಯೋ ತಲುಪಿದರು.

ಗೋಡೆಗೆಲ್ಲ ಸ್ಪಂಜು ಮೆತ್ತಿದ ಕೋಣೆ. ದಪ್ಪ ಗಾಜಿನ ಆಚೆ ಮೈಕು, ಈಚೆ ಗುಂಡಿಗಳ ದೊಡ್ಡ ಮೇಜು, ಅದರ ಮುಂದೆ ಹೆಡ್‌ಫೋನು ಹಾಕಿದ ಹುಡುಗಿ. ಮೊದಲು ಮೇಷ್ಟ್ರೇ ಗಾಜಿನಾಚೆ ಹೋಗಿ, ಪರದೆಯ ಮೇಲೆ ಅಪ್ಪನ ಬಾಯಿ ತೆರೆದಾಗ ಆ ಮಾತು ಹೇಳಿದರು. ಹುಡುಗಿ ಎರಡು ಸಲ ಹಾಕಿ ನೋಡಿದಳು.

"ಮಾತು ಬಾಯಿಗೆ ಸರಿಯಾಗಿ ಕೂರುತ್ತೆ ಸರ್. ಆದ್ರೆ, ಬೇಜಾರ್ ಮಾಡ್ಕೋಬೇಡಿ, ದನಿ ಒಂಚೂರೂ ಆ ಅಪ್ಪನ ಥರ ಇಲ್ಲ."

"ಇಲ್ಲ," ಎಂದು ಮೇಷ್ಟ್ರು ಒಪ್ಪಿಕೊಂಡರು. "ಈಗಿಲ್ಲ."

ಅವರು ಈಚೆ ಬಂದರು, ತಮ್ಮ ಆಚೆ ಹೋದ. ಹೇಳಿದ. ಡ್ರಮ್ಮು ಕೇಳಿಸಿತು. ಮತ್ತೆ ಹೇಳಿದ. ಈ ಸಲ ಬ್ಯಾಂಕಿನವರು ಸಾಲ ಇಲ್ಲವೆಂದು ನಯವಾಗಿ ಹೇಳಿದ ಹಾಗಿತ್ತು. ಹುಡುಗಿ ತೋರಿಸಿದ ಗುಂಡಿ ಒತ್ತಿ ಮೇಷ್ಟ್ರು ಮಾತಾಡಿದರು.

"ಗೇರ್ ಜಾಸ್ತಿಯಾಯ್ತು. ಇಳಿಸಿ. ಸಮಾಧಾನ ಮಾಡೋಕೆ ಹೋಗ್ಬೇಡಿ."

"ಸಮಾಧಾನದ ಸೀನೇ ಅಲ್ವಾ ಅಣ್ಣಾ ಇದು?"

"ಅಲ್ಲ. ನಿಮ್ಮನ್ನ ಸಮಾಧಾನ ಮಾಡೋಷ್ಟು ಧೈರ್ಯ ನನಗೆಲ್ಲಿತ್ತು? ನಿಮಗೆ ಶಾಲೆ ಹೆದರಿಕೆ. ನನಗೆ ಎಲ್ಲಾದೂ ಹೆದರಿಕೆ. ಅಪ್ಪನ ಥರ ಮಾತಾಡ್ಬೇಕು ಅಂತ ಗೊತ್ತಿತ್ತು, ಅಪ್ಪ ಹೆಂಗೆ ಮಾತಾಡ್ತಿದ್ರು ಅಂತ ನೆನಪು ಮಾಡ್ಕೊಂಡು ಮಾತಾಡ್ದೆ. ಅಷ್ಟೇ."

ಗಾಜಿನಾಚೆ ತಮ್ಮ ಮೈಕಿಗೆ ಇನ್ನೊಂದು ಹೆಜ್ಜೆ ಹತ್ತಿರ ಬಂದ. ಅಣ್ಣನಿಗೂ ಹೆದರಿಕೆಯಾಗಿತ್ತೆಂಬುದು ಅವನಿಗೆ ಈ ವಯಸ್ಸಿನವರೆಗೆ ಹೊಳೆದೇ ಇರಲಿಲ್ಲ. ಹುಡುಗಿ ಚಿತ್ರವನ್ನು ಮತ್ತೆ ಮೊದಲಿನಿಂದ ಬಿಟ್ಟಳು. ನಾಲ್ಕು ಬೆರಳಿನ ಕೈ ಮಗನ ಹೆಬ್ಬೆರಳು ಹಿಡಿಯಿತು. ಸ್ಪೀಕರಿನಿಂದ, ದೊಡ್ಡವನ ಹಾಗೆ ಕೇಳಿಸಲು ಪ್ರಯತ್ನಿಸುತ್ತಿರುವ ಒಬ್ಬ ಹುಡುಗನ ದನಿ ಬಂತು:

"ಹೆದರ್ಕೊಂಡೇ ಹೋಗು. ಹೆದರೋರು ಒಳಗೆ ಬರ್ಬಾರ್ದು ಅಂತ ಶಾಲೆಯೋರು ಬೋರ್ಡೇನೂ ಹಾಕಿಲ್ಲ. ನಾನು ಗೇಟ್ ಹತ್ರಾನೇ ನಿಂತಿರ್ತೀನಿ. ಯಾವಾಗ ಬೇಕಾದ್ರೂ ತಿರುಗಿ ನೋಡು."

ಪರದೆಯ ಮೇಲೆ ಹೊದಿಕೆ ಸರಿಯಿತು. ಹುಡುಗಿ ಚಿತ್ರ ನಿಲ್ಲಿಸಿ ಮೇಷ್ಟ್ರ ಕಡೆ ತಿರುಗಿದಳು.

"ಸರ್, ಸರಿ ಇದ್ಯಾ?"

ಆ ಬೆಳಗಿನ ದನಿಗೂ ಇದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಮೇಷ್ಟ್ರು ಕಣ್ಣೊರೆಸಿಕೊಂಡು ಗುಂಡಿ ಒತ್ತಿದರು.

"ಸರಿ ಬಂದಿಲ್ಲ," ಎಂದರು. "ಇನ್ನೊಂದ್ಸಲ ಹೇಳೋ."

ತಮ್ಮ ಇನ್ನೊಂದು ಸಲ ಹೇಳಿದ.