ಬ್ರೇಕಮ್ಮನ ಸೆಕೆ

ಚಳಿಗಾಲದ ಬೆಳಿಗ್ಗೆ ಏಳೂವರೆಗೆ ನಾಲ್ಕೂ ಗಾಜು ಪೂರಾ ಇಳಿಸಿಕೊಂಡು ಓಡಾಡುವ ಕಾರು ಆ ಊರಿನಲ್ಲಿ ಒಂದೇ ಇತ್ತು. ಅದರ ನೆತ್ತಿಯ ಮೇಲೆ ಡ್ರೈವಿಂಗ್ ಶಾಲೆಯ ಹಲಗೆ, ಹಿಂದೆ ಮುಂದೆ ಕೆಂಪು ಬಣ್ಣದ ‘ಎಲ್’. ಸ್ಟೀರಿಂಗ್ ಹಿಡಿದವರು ಯಾರೇ ಆಗಿರಲಿ, ಸ್ವೆಟರು ಮಫ್ಲರು ಸುತ್ತಿಕೊಂಡು ಹಲ್ಲು ಕಟಕಟಿಸುತ್ತ ಕೂತಿರುತ್ತಿದ್ದರು. ಪಕ್ಕದಲ್ಲಿ ತೆಳ್ಳನೆ ಹತ್ತಿಬಟ್ಟೆ ತೊಟ್ಟು, ಕಲಿಯಲು ಬಂದವರ ಅರ್ಜಿ ಫಾರಮ್ಮಿನಿಂದಲೇ ಗಾಳಿ ಬೀಸಿಕೊಳ್ಳುತ್ತ ಕೂತವಳು ಬ್ರೇಕಮ್ಮ.

ಆ ಹೆಸರು ಇಟ್ಟವರು ಅವಳ ಶಿಷ್ಯರೇ. ಕಲಿಸುವವರ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದಲ್ಲ, ಅವಳು ಅದನ್ನು ಒತ್ತಿದರೆ ಕಾರು ನೆಲಕ್ಕೆ ಮೊಳೆ ಹೊಡೆದ ಹಾಗೆ ನಿಲ್ಲುತ್ತಿತ್ತು. ಹದಿನೆಂಟು ವರ್ಷದ ಕಸುಬು. ಅವಳ ಕೈಯಲ್ಲಿ ಕಲಿತವರು ಈಗ ಬಸ್ಸು, ಆಂಬುಲೆನ್ಸು ಓಡಿಸುತ್ತಿದ್ದರು. ಆದರೆ ಇತ್ತೀಚೆಗೆ ಕಾರಣವಿಲ್ಲದೆಯೂ ಬ್ರೇಕು ಬೀಳುತ್ತಿತ್ತು. ಮೊದಲು ಎದೆಯ ನಡುವೆ ಯಾರೋ ಒಲೆ ಹಚ್ಚಿದ ಹಾಗೆ ಆಗುವುದು. ಉರಿ ಕತ್ತಿಗೆ ಏರಿ, ಕಿವಿ ಕೆಂಪು ಮಾಡಿ, ನೆತ್ತಿ ಮುಟ್ಟುವುದು. ಅಷ್ಟರಲ್ಲಿ ಅವಳ ಕಾಲು ತಾನಾಗಿಯೇ ಕೆಳಗೆ ಹೋಗಿರುತ್ತಿತ್ತು. ಮೂರು ನಿಮಿಷ ಬೆವರು, ಆಮೇಲೆ ಆ ಬೆವರು ಆರುವ ಚಳಿ. ಗಾಜು ಏರಿಸೋಣ ಅನ್ನುವಷ್ಟರಲ್ಲಿ ಮತ್ತೆ ಒಲೆ.

ಅದು ಸಾಲದು ಅಂತ ಮಾತುಗಳೂ ಕೈಕೊಡುತ್ತಿದ್ದವು. ಒಂದು ದಿನ ತಿರುವಿನಲ್ಲಿ ‘ಇಂಡಿಕೇಟರ್’ ಅನ್ನುವ ಪದ ಎಷ್ಟು ತಡಕಾಡಿದರೂ ಸಿಗಲಿಲ್ಲ. “ಅದು ಹಾಕ್ರೀ, ಅದು... ಮಿಣಮಿಣ! ಮಿಣಮಿಣ ಹಾಕ್ರೀ!” ಎಂದು ಕೂಗಿದಳು. ಆ ಶಿಷ್ಯ ಬ್ಯಾಂಕಿನ ಮ್ಯಾನೇಜರು, ಗಂಭೀರ ಮನುಷ್ಯ. ಅದೇ ಸರಿಯಾದ ಪದ ಇರಬೇಕೆಂದು ನಂಬಿ ಪರೀಕ್ಷೆಯ ದಿನ ಅಧಿಕಾರಿಯ ಎದುರು, “ಈಗ ಎಡಗಡೆ ಮಿಣಮಿಣ ಹಾಕ್ತಾ ಇದ್ದೀನಿ ಸರ್,” ಎಂದುಬಿಟ್ಟ.

ಇದಕ್ಕೆಲ್ಲ ಮೂಲ ಎರಡು ವರ್ಷದ ಹಿಂದಿನದು. ಎಡ ಸ್ತನದಲ್ಲಿ ಒಂದು ಗಂಟು ಕೈಗೆ ಸಿಕ್ಕಿತ್ತು. ಕ್ಯಾನ್ಸರ್ ಎಂದರು. ಆಪರೇಷನ್ ಆಯಿತು, ರೇಡಿಯೇಷನ್ ಆಯಿತು. ಮೈಯಲ್ಲಿ ಹುಟ್ಟುವ ಹಾರ್ಮೋನನ್ನೇ ತಿಂದು ಬೆಳೆಯುವ ಜಾತಿಯದು ಇದು, ಅದಕ್ಕೆ ಊಟ ಸಿಗದ ಹಾಗೆ ಮಾಡಬೇಕು ಎಂದು ಡಾಕ್ಟರಮ್ಮ ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು, ಐದು ವರ್ಷಕ್ಕೆ. ಮುಟ್ಟು ನಿಲ್ಲುವ ವಯಸ್ಸೂ ಅದೇ ಹೊತ್ತಿಗೆ ಬಂತು. ಮಾತ್ರೆಯೂ ವಯಸ್ಸೂ ಕೈಕೈ ಹಿಡಿದುಕೊಂಡು ಮನೆಯೊಳಗೆ ಬಂದ ಹಾಗಾಯಿತು.

ಸೆಕೆ ಅಂತ ಬಾಯಿಬಿಟ್ಟರೆ ಎಲ್ಲರದ್ದೂ ಒಂದೇ ಉತ್ತರ. “ಜೀವ ಉಳೀತಲ್ಲಮ್ಮ, ಸೆಕೆ ಏನು ಮಹಾ!” ಅದು ಸುಳ್ಳೂ ಅಲ್ಲ. ಹಾಗಾಗಿ ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಗಡಿಯಾರ ರಿಪೇರಿ ಮಾಡುವ ಗಂಡ ಒಳ್ಳೆಯವನು. ಫ್ಯಾನು ಆರಿಸು ಅಂತ ಒಂದು ಸಲವೂ ಅಂದವನಲ್ಲ. ಎರಡು ಕಂಬಳಿ ಹೊದ್ದು, ಕಿವಿ ಮುಚ್ಚುವ ಟೋಪಿ ಹಾಕಿ ಮಲಗುವುದನ್ನು ರೂಢಿ ಮಾಡಿಕೊಂಡಿದ್ದ. ಬೆಳಿಗ್ಗೆ ಅವನು ಹಾಸಿಗೆಯಿಂದ ಏಳುವುದನ್ನು ನೋಡಿದರೆ ಹಿಮದ ಬೆಟ್ಟ ಹತ್ತಿ ಇಳಿದು ಬಂದವನ ಹಾಗೆ ಕಾಣುತ್ತಿದ್ದ.

ಹೀಗಿರುವಾಗ ಅವನ ತಂಗಿ, ಅಂದರೆ ಬ್ರೇಕಮ್ಮನ ನಾದಿನಿ, ಕಾರು ಕಲಿಯುತ್ತೇನೆಂದು ಬಂದಳು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವ ಕೆಲಸ ಅವಳದು. ಹಲ್ಲಿನ ವಿಷಯ ಪೂರ್ತಿ ತಿಳಿದ ಮೇಲೆ ಹಲ್ಲಿನಿಂದ ಕೆಳಗಿನದೂ ತಿಳಿದ ಹಾಗೇ ಎಂಬುದು ಅವಳ ನಂಬಿಕೆ. ಅವಳಿಗೂ ಮುಟ್ಟು ನಿಂತು ಸೆಕೆ ಕಾಡಿತ್ತು. ಅವಳ ಡಾಕ್ಟರು ತೋಳಿಗೆ ಹಚ್ಚುವ ಹಾರ್ಮೋನ್ ಜೆಲ್ ಕೊಟ್ಟಿದ್ದರು. ಹಚ್ಚಿದ ತಿಂಗಳೊಳಗೆ ಹುಡುಗಿಯಾಗಿಬಿಟ್ಟೆ ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು.

“ಅತ್ತಿಗೆ, ನಿಮ್ಮದೂ ಹಾರ್ಮೋನ್ ಥೆರಪಿ ತಾನೆ?” ಎಂದಳು ಎರಡನೇ ದಿನ, ಎರಡನೇ ಗೇರಿನಲ್ಲಿ.

“ಹೂಂ.”

“ನನ್ನದೂ ಅದೇ. ಮತ್ತೆ ನಾನು ಹೀಗೆ, ನೀವು ಹಾಗೆ ಯಾಕೆ?”

“ಹೆಸರು ಒಂದೇ ಕಣೇ, ಕೆಲಸ ಬೇರೆ. ನಿನ್ನದು ಒಳಗೆ ಕರೆದು ಕೂರಿಸೋದು. ನನ್ನದು ಬಾಗಿಲಲ್ಲೇ ನಿಲ್ಲಿಸಿ ವಾಪಸ್ ಕಳಿಸೋದು. ಮುಂದೆ ನಾಯಿ ಇದೆ, ನೋಡ್ಕೊಂಡು ಹೋಗು.”

“ಅಷ್ಟೊಂದು ಕಟ್ಟುನಿಟ್ಟು ಯಾಕತ್ತಿಗೆ? ಒಂದು ಬಟಾಣಿಯಷ್ಟು ಹಚ್ಕೊಂಡು ನೋಡಿ. ಯಾರಿಗೆ ಗೊತ್ತಾಗುತ್ತೆ?”

ಬೇಡ ಅಂದರೂ ಕೇಳದೆ ಹೊಸ ಟ್ಯೂಬೊಂದನ್ನು ಅತ್ತಿಗೆಯ ಚೀಲಕ್ಕೆ ತುರುಕಿ ಇಳಿದು ಹೋದಳು. ಬ್ರೇಕಮ್ಮ ಅದನ್ನು ಮನೆಗೆ ತಂದು ಬಚ್ಚಲ ಕನ್ನಡಿಯ ಹಲಗೆಯ ಮೇಲೆ ಇಟ್ಟಳು. ಹಚ್ಚಿಕೊಳ್ಳಲಿಲ್ಲ. ಡಾಕ್ಟರಮ್ಮ ಅಂಥದ್ದು ಮುಟ್ಟಲೇಬಾರದೆಂದು ಮೊದಲ ದಿನವೇ ಹೇಳಿದ್ದರು.

ಆ ವಾರವೇ ಒಂದು ಎಡವಟ್ಟಾಯಿತು. ನಾಲ್ಕು ರಸ್ತೆ ಕೂಡುವ ಕಡೆ, ನಟ್ಟನಡುವೆ ಉರಿ ಏರಿ ಕಾಲು ಬ್ರೇಕಿನ ಮೇಲೆ ಬಿತ್ತು. ಹಿಂದಿನ ಲಾರಿ ಒಂದು ಗೇಣು ದೂರದಲ್ಲಿ ಕಿರ್ರೆಂದು ನಿಂತಿತು. ಶಾಲೆಯ ಮಾಲೀಕ ಕರೆದು ಮೆತ್ತಗೆ ಹೇಳಿದ, “ಮೇಡಂ, ಸ್ವಲ್ಪ ದಿನ ಆಫೀಸಲ್ಲೇ ಕೂತು ಫಾರಂ ತುಂಬಿಸ್ತೀರಾ? ಇನ್ನೊಂದು ಸಲ ಹೀಗಾದ್ರೆ ನನಗೂ ಕಷ್ಟ.”

ಇನ್ನು ಹಾಗಾಗದ ಹಾಗೆ ನೋಡಿಕೊಳ್ಳುತ್ತೇನೆಂದು ಹೇಳಿ ಅವಳು ಮನೆಗೆ ಬಂದಳು. ಹದಿನೆಂಟು ವರ್ಷ ರಸ್ತೆಯಲ್ಲಿ ಇದ್ದವಳಿಗೆ ಮೇಜಿನ ಹಿಂದೆ ಕೂರುವುದೆಂದರೆ ಉಸಿರು ಕಟ್ಟಿದ ಹಾಗೆ. ಕ್ಯಾನ್ಸರ್ ಬಂದಾಗಲೂ ಅವಳು ಇಷ್ಟು ಹೆದರಿರಲಿಲ್ಲ. ಆ ಸಂಜೆ ಮಾತ್ರೆಯ ಡಬ್ಬಿಯನ್ನು ಹೊಲಿಗೆ ಸಾಮಾನಿನ ಪೆಟ್ಟಿಗೆಯೊಳಗೆ, ಗುಂಡಿಗಳ ಅಡಿಯಲ್ಲಿ ಹುದುಗಿಸಿಟ್ಟಳು. ಸ್ವಲ್ಪ ದಿನ ಅಷ್ಟೇ ಎಂದು ತನಗೆ ತಾನೇ ಹೇಳಿಕೊಂಡಳು.

ಎರಡು ವಾರ ಏನೂ ವ್ಯತ್ಯಾಸ ಕಾಣಲಿಲ್ಲ. ನಾಲ್ಕನೇ ವಾರಕ್ಕೆ ಉರಿ ಕಮ್ಮಿಯಾಯಿತು. ಆರನೇ ವಾರಕ್ಕೆ ಕಾರಿನ ಎರಡು ಗಾಜು ಮೇಲೇರಿದವು. ಮರೆತ ಪದಗಳು ಒಂದೊಂದಾಗಿ ನೆಂಟರ ಹಾಗೆ ಮರಳಿ ಬಂದವು. ಶಿಷ್ಯರು ಮಫ್ಲರು ಬಿಚ್ಚಿದರು. ಮಾಲೀಕ ಫಾರಮ್ಮಿನ ಮಾತು ಎತ್ತಲೇ ಇಲ್ಲ. ಬ್ರೇಕಮ್ಮ ಹಾಡು ಗುನುಗುತ್ತ ಕೆಲಸಕ್ಕೆ ಹೋಗುತ್ತಿದ್ದಳು. ಆದರೆ ಹೊಲಿಗೆ ಪೆಟ್ಟಿಗೆ ಕಣ್ಣಿಗೆ ಬಿದ್ದಾಗಲೆಲ್ಲ ಗುನುಗು ನಿಲ್ಲುತ್ತಿತ್ತು.

ನಾದಿನಿಗೆ ಅಂದು ರಿವರ್ಸ್ ಪಾಠ. ಮೈದಾನದಲ್ಲಿ ಎರಡು ಸಾಲು ಪ್ಲಾಸ್ಟಿಕ್ ಕಂಬ, ಅವುಗಳ ಹಿಂದೆ ಆಳೆತ್ತರ ಪೇರಿಸಿಟ್ಟ ಹಳೇ ಟೈರುಗಳು. ಅವಳು ಕಾರು ಹತ್ತಿದಾಗಲೇ ಮುಖ ಬಿಳಿಚಿಕೊಂಡಿತ್ತು. ಕೈಯಲ್ಲಿ ಎಂಟು ಮಡಿಕೆಯ ಒಂದು ಕಾಗದ. ಬೆಳಿಗ್ಗೆ ಕ್ಲಿನಿಕ್ಕಿನಲ್ಲಿ ರೋಗಿಗಳಿಲ್ಲದೆ, ಹೊಸ ಜೆಲ್ಲಿನ ಡಬ್ಬಿಯಲ್ಲಿದ್ದ ಕಾಗದವನ್ನು ಜೀವನದಲ್ಲಿ ಮೊದಲ ಸಲ ಓದಿದ್ದಳು.

“ನಾನು ಕೊಟ್ಟ ಟ್ಯೂಬ್ ಎಲ್ಲಿ ಅತ್ತಿಗೆ?” ಎಂದಳು ರಿವರ್ಸ್ ಗೇರು ಹಾಕುತ್ತ.

“ಚೀಲದಲ್ಲೇ ಇದೆ, ನಿನಗೆ ವಾಪಸ್ ಕೊಡೋಣ ಅಂತ ತಂದೆ. ಹಿಂದೆ ನೋಡು, ಹಿಂದೆ.”

ನಾದಿನಿ ಹಿಂದೆ ನೋಡಲಿಲ್ಲ, ಚೀಲಕ್ಕೆ ಕೈಹಾಕಿದಳು. ಟ್ಯೂಬು ಹಪ್ಪಳದ ಹಾಗೆ ಚಪ್ಪಟೆಯಾಗಿತ್ತು.

“ಅಯ್ಯೋ! ಎಲ್ಲಾ ಹಚ್ಕೊಂಡುಬಿಟ್ರಾ? ಇದರಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದಾರೆ, ಸ್ತನ ಕ್ಯಾನ್ಸರ್ ಆದವರು ಮುಟ್ಟಲೇಬಾರ್ದು ಅಂತ! ನಾನೇ ಕೈಯಾರೆ ವಿಷ ಕೊಟ್ಟ ಹಾಗಾಯ್ತಲ್ಲ!”

“ನಾನು ಅದರ ಮುಚ್ಚಳ ಕೂಡ ತೆಗೆದಿಲ್ಲ ಮಾರಾಯ್ತಿ.”

“ಸುಳ್ಳು ಹೇಳ್ಬೇಡಿ. ಮತ್ತೆ ಸೆಕೆ ಹೇಗೆ ಹೋಯ್ತು? ಕಿಟಕಿ ಹೇಗೆ ಮುಚ್ತು?”

ಬ್ರೇಕಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದಳು. ಸುಳ್ಳು ಹೇಳಬಹುದಿತ್ತು. ಆದರೆ ಆರು ವಾರ ಒಬ್ಬಳೇ ಹೊತ್ತದ್ದು ಭಾರವಾಗಿತ್ತು.

“ಮಾತ್ರೆ ಬಿಟ್ಟಿದ್ದೀನಿ,” ಎಂದಳು.

“ಏನು!” ಎಂದ ನಾದಿನಿಯ ಕಾಲು ಕ್ಲಚ್ಚಿನಿಂದ ಜಾರಿತು, ಇನ್ನೊಂದು ಕಾಲು ಆಕ್ಸಿಲರೇಟರನ್ನು ತುಳಿಯಿತು. ಕಾರು ಬಾಲಕ್ಕೆ ಬೆಂಕಿ ಬಿದ್ದ ಬೆಕ್ಕಿನ ಹಾಗೆ ಹಿಂದಕ್ಕೆ ಹಾರಿತು. ಪ್ಲಾಸ್ಟಿಕ್ ಕಂಬಗಳು ಪಟಪಟನೆ ಮಲಗಿದವು. ಬ್ರೇಕಮ್ಮ ಬ್ರೇಕು ಒತ್ತುವ ಹೊತ್ತಿಗೆ ಕಾರು ಟೈರಿನ ಗೋಪುರಕ್ಕೆ ತಾಗಿ ಆಗಿತ್ತು. ಗೋಪುರ ಒಂದು ಕ್ಷಣ ಯೋಚನೆ ಮಾಡಿ, ಆಮೇಲೆ ಕುಸಿಯಿತು. ಒಂದು ಟೈರು ಉರುಳುತ್ತ ಉರುಳುತ್ತ ಮೈದಾನ ದಾಟಿ, ಮಾಲೀಕನ ಆಫೀಸಿನ ಬಾಗಿಲಿಗೆ ಹೋಗಿ ಅಡ್ಡಬಿತ್ತು.

ನಾದಿನಿಗೆ ಅದ್ಯಾವುದೂ ಕಾಣಿಸಲಿಲ್ಲ. ಕಣ್ಣೊರೆಸಿಕೊಂಡು ಮೊದಲ ಗೇರು ಹಾಕಿ ಗೇಟಿನ ಕಡೆ ಹೊರಟಳು.

“ಎಲ್ಲಿಗೇ?”

“ಡಾಕ್ಟರ ಹತ್ರ. ನೀವು ಸುಮ್ನೆ ಕೂತ್ಕೊಳ್ಳಿ.”

“ನೀನು ಇನ್ನೂ ದೊಡ್ಡ ರಸ್ತೆ ನೋಡಿಲ್ಲ ಕಣೇ!”

“ಇವತ್ತು ನೋಡ್ತೀನಿ.”

ಆಸ್ಪತ್ರೆ ಐದು ಕಿಲೋಮೀಟರು. ಮೂರನೇ ಗೇರೆಂದರೆ ನಾದಿನಿಗೆ ಭಯ. ಹಾಗಾಗಿ ಅಷ್ಟು ದೂರವನ್ನೂ ಎರಡನೇ ಗೇರಿನಲ್ಲೇ ಅಳುತ್ತ, ಬಯ್ಯುತ್ತ ಓಡಿಸಿದಳು. ಹಿಂದೆ ವಾಹನಗಳ ಮೆರವಣಿಗೆ, ಹಾರ್ನುಗಳ ವಾದ್ಯ.

“ಅಣ್ಣನಿಗೆ ಗೊತ್ತಾ ಇದು?”

“ಇಲ್ಲ. ಕನ್ನಡಿ ನೋಡು.”

“ಆಪರೇಷನ್ ದಿನ ಆಸ್ಪತ್ರೆ ಬೆಂಚಿನ ಮೇಲೆ ಅಣ್ಣ ಹೇಗೆ ಕೂತಿದ್ದ ಗೊತ್ತಾ ನಿಮಗೆ? ಕೈಗೆ ಕಟ್ಟಿದ ಗಡಿಯಾರ ನಿಂತುಹೋಗಿತ್ತು, ಅದೂ ಅವನಿಗೆ ಗೊತ್ತಾಗಿರಲಿಲ್ಲ. ಅಂಥವನಿಗೆ ಹೇಳದೆ ಹೇಗೆ ಬಿಟ್ರಿ?”

ಬ್ರೇಕಮ್ಮನಿಗೆ ಇದು ಹೊಸ ಸುದ್ದಿ. “ಎಡಗಡೆ ಹೋಗು,” ಎಂದಳು ಸಣ್ಣ ದನಿಯಲ್ಲಿ. “ಇಂಡಿಕೇಟರ್ ಹಾಕು.”

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಮಾತು ಕಮ್ಮಿ. ನಾದಿನಿ ನಿಂತಲ್ಲೇ ಎಲ್ಲವನ್ನೂ ಒಂದೇ ಉಸಿರಿಗೆ ಒದರಿದಳು. ಬೈಗುಳಕ್ಕೆ ತಯಾರಾಗಿ ಬ್ರೇಕಮ್ಮ ತಲೆ ತಗ್ಗಿಸಿದಳು. ಡಾಕ್ಟರಮ್ಮ ಬಯ್ಯಲಿಲ್ಲ. ಫೈಲು ತೆರೆದು ಅವಳ ಕಡೆ ತಿರುಗಿಸಿದರು.

“ನೋಡಿ, ಏಳು ಸಲ ಬಂದಿದ್ದೀರಿ. ಏಳು ಸಲವೂ ಹೇಗಿದ್ದೀರಿ ಅಂತ ಕೇಳಿದ್ದೀನಿ. ಏಳು ಸಲವೂ ‘ಆರಾಮಾಗಿದ್ದೀನಿ’ ಅಂದಿದ್ದೀರಿ. ನಾನು ಅದನ್ನೇ ಬರೆದಿದ್ದೀನಿ.”

“ಜೀವ ಉಳಿಸಿದವರ ಎದುರು ಸೆಕೆ ಅಂತ ಹೇಗೆ ಹೇಳೋದು ಅಂತ...”

“ನನಗಲ್ಲದೆ ಇನ್ಯಾರಿಗೆ ಹೇಳ್ತೀರಿ? ದಿನಕ್ಕೆ ಎಷ್ಟು ಸಲ ಬರ್ತಿತ್ತು?”

“ಹದಿನೈದು. ಕೆಲವು ದಿನ ಇಪ್ಪತ್ತು.”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. “ಅದು ಸಣ್ಣ ವಿಷಯ ಅಲ್ಲ. ಆ ಜೆಲ್ ನಿಮಗೆ ಆಗಲ್ಲ, ಅದು ಖಂಡಿತ. ಆದರೆ ಹಾರ್ಮೋನ್ ಇಲ್ಲದೆ ಸೆಕೆ ತಗ್ಗಿಸೋ ಮಾತ್ರೆಗಳಿವೆ. ಸೆಕೆ ಬಂದಾಗ ಗಾಬರಿಯಾಗದೆ ನಿಭಾಯಿಸೋದನ್ನ ಹೇಳಿಕೊಡೋರೂ ಇದ್ದಾರೆ. ಅದೂ ಸಾಲದಿದ್ರೆ ಈ ಮಾತ್ರೆಯನ್ನೇ ಬದಲಾಯಿಸಿ ನೋಡೋಣ. ಎಷ್ಟೋ ದಾರಿ ಇದೆ. ಹೇಳದೆ ಬಿಡೋದೊಂದು ಮಾತ್ರ ಬೇಡ. ಆರು ವಾರ ತಾನೆ? ಇವತ್ತಿಂದ ಮತ್ತೆ ಶುರು ಮಾಡಿ.”

ಬ್ರೇಕಮ್ಮನ ಕಣ್ಣು ತುಂಬಿತು. ಸೆಕೆ ಸಣ್ಣ ವಿಷಯ ಅಲ್ಲ ಎಂದು ಈ ಎರಡು ವರ್ಷದಲ್ಲಿ ಒಬ್ಬರೂ ಹೇಳಿರಲಿಲ್ಲ.

“ಅದೆಲ್ಲ ಸರಿ,” ಎಂದಳು ನಾದಿನಿ, “ಈ ಟ್ಯೂಬು ಖಾಲಿ ಮಾಡಿದ್ದು ಯಾರು?”

ಅತ್ತಿಗೆ, ನಾದಿನಿ ಮುಖ ಮುಖ ನೋಡಿಕೊಂಡರು. ಮನೆಯಲ್ಲಿ ಇನ್ನು ಉಳಿದವನು ಒಬ್ಬನೇ. ಡಾಕ್ಟರಮ್ಮನ ಎದುರೇ ಫೋನು ಹೋಯಿತು.

“ಆ ನೀಲಿ ಟ್ಯೂಬಾ?” ಎಂದಿತು ಗಂಡನ ದನಿ. “ಮೊಣಕಾಲು ನೋವಿಗೆ ತಂದಿಟ್ಟಿದ್ದಲ್ವಾ? ನಾನು ದಿನಾ ಉಜ್ಕೋತಿದ್ದೆ. ನೋವು ಒಂಚೂರೂ ಕಮ್ಮಿಯಾಗಿಲ್ಲ. ಚರ್ಮ ಮಾತ್ರ ಬಹಳ ನುಣುಪಾಗಿದೆ.”

“ಸಾಸಿವೆ ಕಾಳಿನಷ್ಟು ಸ್ಕ್ರೂ ಕಾಣುತ್ತೆ, ಟ್ಯೂಬಿನ ಮೇಲಿನ ಅಕ್ಷರ ಕಾಣ್ಲಿಲ್ವಾ ಅಣ್ಣ!” ಎಂದು ನಾದಿನಿ ಕಿರುಚಿದಳು.

ಮಾತು ಕಮ್ಮಿಯ ಡಾಕ್ಟರಮ್ಮ ಫೈಲಿನ ಹಿಂದೆ ಮುಖ ಮರೆಮಾಡಿಕೊಂಡು ಬಹಳ ಹೊತ್ತು ನಕ್ಕರು. ಆಮೇಲೆ ಸಾವರಿಸಿಕೊಂಡು, ಗಂಡಸರೂ ಅದನ್ನು ಹಚ್ಚಬಾರದು, ಹಚ್ಚಿದ ಚರ್ಮ ಸೋಕಿದರೆ ಬೇರೆಯವರಿಗೂ ಅಂಟುತ್ತದೆ, ನಿಲ್ಲಿಸಿ ಚೆನ್ನಾಗಿ ತೊಳೆದುಕೊಳ್ಳಲಿ, ಏನಾದರೂ ಬದಲಾವಣೆ ಕಂಡರೆ ಬಂದು ತೋರಿಸಲಿ ಎಂದರು.

ಬ್ರೇಕಮ್ಮ ಫೋನು ತೆಗೆದುಕೊಂಡು ಗಂಡನಿಗೆ, “ಸಂಜೆ ಬೇಗ ಬನ್ನಿ. ನಿಮ್ಮ ಹತ್ರ ಒಂದು ಮಾತು ಹೇಳೋದಿದೆ,” ಎಂದಳು. ಹೇಳಿದಳು ಕೂಡ. ಅವನು ಬಯ್ಯಲಿಲ್ಲ. ಗುಂಡಿಗಳನ್ನು ಸರಿಸಿ ಡಬ್ಬಿ ಹೊರಗೆ ತೆಗೆದು, ನೀರಿನ ಲೋಟದೊಂದಿಗೆ ಅವಳ ಮುಂದಿಟ್ಟ. ಅವಳು ನುಂಗುವ ತನಕ ಎದುರಿಗೇ ಕೂತಿದ್ದ.

ಸೆಕೆ ಮತ್ತೆ ಬಂತು. ಆದರೆ ಡಾಕ್ಟರಮ್ಮ ಕೊಟ್ಟ ಸೆಕೆ ತಗ್ಗಿಸುವ ಮಾತ್ರೆಯ ದೆಸೆಯಿಂದ ಹದಿನೈದು ಇದ್ದದ್ದು ಆರೇಳಕ್ಕೆ ಇಳಿಯಿತು. ಉರಿ ಏರುವ ಸುಳಿವು ಸಿಕ್ಕ ಕೂಡಲೇ ಕಾರನ್ನು ರಸ್ತೆಯ ಬದಿಗೆ ಹಾಕಿಸಿ, “ಮೂರು ನಿಮಿಷ ವಿರಾಮ,” ಎನ್ನುವುದನ್ನು ಅವಳು ರೂಢಿ ಮಾಡಿಕೊಂಡಳು. ಯಾಕೆಂದು ಕೇಳಿದವರಿಗೆ ಯಾಕೆಂದು ಹೇಳಿದಳು. ಮಾಲೀಕನಿಗೂ ಹೇಳಿದಳು. ಅವನು ಕಕ್ಕಾಬಿಕ್ಕಿಯಾಗಿ ನೆಲ ನೋಡುತ್ತ, “ಆಯ್ತು ಮೇಡಂ, ಆಯ್ತು,” ಎಂದು ಒಳಗೆ ಓಡಿದ. ಮಾರನೆಯ ದಿನ ಕಾರಿನೊಳಗೆ ಅವಳ ಸೀಟಿನ ಎದುರು ಒಂದು ಪುಟ್ಟ ಫ್ಯಾನು ಅಂಟಿಸಿದ.

ನಾದಿನಿಯ ಪರೀಕ್ಷೆಯ ದಿನ ಕಡುಚಳಿ. ಬ್ರೇಕಮ್ಮ ಮೈದಾನದ ಅಂಚಿನಲ್ಲಿ ನಿಂತು ನೋಡುತ್ತಿದ್ದಳು. ಪರೀಕ್ಷೆ ಮಾಡುವ ಅಧಿಕಾರಿ ಕಾರಿನೊಳಗೆ ಕೂತು ಕಾಲರ್ ಏರಿಸಿಕೊಂಡು, “ಗಾಜು ಮುಚ್ಚಮ್ಮ, ಚಳಿ,” ಎಂದ.

“ಆಗಲ್ಲ ಸರ್,” ಎಂದಳು ನಾದಿನಿ, ತಿಂಗಳುಗಟ್ಟಲೆಯ ಅಭ್ಯಾಸದಿಂದ. “ನಮ್ಮತ್ತಿಗೆಗೆ ಸೆಕೆ.”

ಅಧಿಕಾರಿ ಹಿಂದಿನ ಸೀಟು ನೋಡಿದ. ಯಾರೂ ಇರಲಿಲ್ಲ. ದೂರದಲ್ಲಿ ಒಬ್ಬ ಹೆಂಗಸು ಫಾರಮ್ಮಿನಿಂದ ಗಾಳಿ ಬೀಸಿಕೊಳ್ಳುತ್ತ ನಿಂತಿರುವುದು ಕಾಣಿಸಿತು.

“ಅವರಾ ನಿಮ್ಮತ್ತಿಗೆ?”

“ಹೌದು ಸರ್.”

“ಅವರು ಹೊರಗಿದ್ದಾರಲ್ಲಮ್ಮ.”

“ಈಗ ಹೊರಗಿದ್ದಾರೆ,” ಎಂದು ನಾದಿನಿ ಒಪ್ಪಿಕೊಂಡು, ಗಾಜು ಹಾಗೇ ಬಿಟ್ಟು, ಕಾರು ಹೊರಡಿಸಿದಳು.