ಸೋಲಾರಿಗೆ ಅಡ್ಡ ಬಂದ ಮರ

ಈ ಬೀದಿಯಲ್ಲಿ ನನ್ನನ್ನು ಕೇಳದೆ ಒಂದು ಎಲೆಯೂ ಉದುರುವುದಿಲ್ಲ ಕಣೇ. ಇದರಲ್ಲಿ ಅರ್ಧ ಸುಳ್ಳು. ಎಲೆ ಅದರ ಪಾಡಿಗೆ ಉದುರುತ್ತದೆ. ನಾನು ಬಾಯಿ ಬಿಟ್ಟರೆ ಉದುರುವುದು ಜನ.

ವಿಷಯ ನಮ್ಮ ಕಟ್ಟಡದ ಮುಂದಿನ ಮರದ್ದು. ಆಕಾಶಕ್ಕೆ ಇನ್ನೊಂದು ಗೇಣು ಬಾಕಿ, ಅಷ್ಟೆತ್ತರ. ಅದರ ಬುಡದ ಕಲ್ಲುಬೆಂಚು ನನ್ನದು. ಅಲ್ಲಿ ಕೂತರೆ ಯಾರ ಮನೆಗೆ ಯಾರು ಬಂದರು, ಯಾರು ಮುಖ ಊದಿಸಿಕೊಂಡು ಹೋದರು, ಎಲ್ಲ ತಿಳಿಯುತ್ತದೆ. ಗಂಡ ಹೋದ ಮೇಲೆ ನನಗಿರುವ ಸಿನಿಮಾ ಅದೊಂದೇ.

ಕಟ್ಟಡದ ಸಂಘಕ್ಕೆ ನನ್ನ ಮಗನೇ ಅಧ್ಯಕ್ಷ. ಪರಿಸರ ಉಳಿಸುತ್ತೇನೆಂದು ತಾರಸಿಗೆ ಸೋಲಾರ್ ಹಾಕಿಸಲು ಹೊರಟ. ಮರದ ನೆರಳು ತಾರಸಿಗೆ ಬೀಳುತ್ತದಂತೆ, ಅದಕ್ಕೆ ಮರ ಕಡಿಯಬೇಕಂತೆ.

"ಪರಿಸರ ಉಳಿಸೋಕೆ ಮರ ಕಡೀತೀಯೇನೋ?" ಅಂದೆ.

"ಅಮ್ಮಾ, ನಿಂಗೆ ಅರ್ಥ ಆಗಲ್ಲ. ಮುಂದಿನ ಪೀಳಿಗೆ ಬಗ್ಗೆ ಯೋಚ್ನೆ ಮಾಡ್ಬೇಕು."

"ಹಿಂದಿನ ಪೀಳಿಗೆ ಎಲ್ಲಿ ಕೂರ್ಬೇಕು, ಅದನ್ನೂ ಒಂಚೂರು ಯೋಚ್ನೆ ಮಾಡಪ್ಪ."

ಸಭೆ ಸೇರಿದ್ದು ನಮ್ಮ ನಡುಮನೆಯಲ್ಲೇ. ಕೆಳಮನೆಯ ದರ್ಜಿಗೆ ಆ ಮರವೆಂದರೆ ಕಸ. ದಿನಾ ಗುಡಿಸಿ ಸೊಂಟ ಹಿಡಿದುಹೋಗಿದೆ. ಎದುರುಮನೆಯ ನರ್ಸಿಗೆ ಅದು ಕಿಟಕಿಯ ಪರದೆ. ರಾತ್ರಿ ಪಾಳಿ ಮುಗಿಸಿ ಹಗಲು ಮಲಗಬೇಕಲ್ಲ. ಕಾರಿಟ್ಟವನಿಗೆ ಅದು ಹಕ್ಕಿಗಳ ಕಕ್ಕಸು. ಮೇಲ್ಮನೆಯ ಮೇಷ್ಟ್ರಿಗೆ ಬಿಟ್ಟಿ ಫ್ಯಾನು. ಎಲ್ಲರೂ ಕೈ ಎತ್ತಿದರು. ಎರಡೂ ಕಡೆ ಸಮಸಮ. ಉಳಿದದ್ದು ಅಧ್ಯಕ್ಷನ ಕೈ.

ಆಗ ನಾನು ಸೊಸೆಯ ಕಡೆ ತಿರುಗಿ ಮೆಲ್ಲಗೆ, ಅಂದರೆ ಪಕ್ಕದ ಬೀದಿಗೂ ಕೇಳುವಷ್ಟು ಮೆಲ್ಲಗೆ, ಹೇಳಿದೆ: "ಮರ ಹೋದ್ರೆ ಒಳ್ಳೇದೇ ಬಿಡಮ್ಮ. ನಿನ್ನ ಅಡುಗೆಮನೆ ಕಿಟಕೀಲಿ ನಿಂತ್ರೆ ಬೆಂಚಿನ ತನಕ ಎಲ್ಲಾ ಕಾಣ್ಸುತ್ತೆ. ಸಂಜೆ ಹೊತ್ತು ಅಲ್ಲಿ ನಿಂತು ಹೊಗೆ ಬಿಡೋರು ಯಾರು ಅಂತಾನೂ ಗೊತ್ತಾಗುತ್ತೆ."

ಸಿಗರೇಟು ಬಿಟ್ಟೆನೆಂದು ಹೆಂಡತಿಯ ತಲೆ ಮುಟ್ಟಿ ಆಣೆ ಮಾಡಿದ್ದವನು ನನ್ನ ಮಗ. ಎತ್ತಲು ಹೊರಟ ಕೈ ಅರ್ಧದಲ್ಲೇ ನಿಂತು ಕಿವಿ ಕೆರೆಯಿತು.

"ಯಾಕ್ರೀ, ಎತ್ತಿ ಕೈ," ಅಂದಳು ಸೊಸೆ. "ಮರ ಕಡೀಬೇಕು ಅಂತ ನೀವೇ ತಾನೇ ಹೇಳಿದ್ದು?"

ಕಡಿಯಿರಿ ಅಂದರೆ ಅವನು ಹೊಗೆ ಬಿಡುವ ಮರೆ ಹೋಗುತ್ತದೆ. ಬೇಡ ಅಂದರೆ ಯಾಕೆ ಬೇಡ ಅನ್ನುವುದು ಅವಳಿಗೆ ಆ ಕ್ಷಣವೇ ತಿಳಿಯುತ್ತದೆ. ದರ್ಜಿ ನಗು ನುಂಗಲಾರದೆ ಕೆಮ್ಮಿದ. ಮಗ ನನ್ನನ್ನು ಹಸಿಹಸಿಯಾಗಿ ತಿನ್ನುವವನ ಹಾಗೆ ನೋಡಿದ. ಆಮೇಲೆ ಕಣ್ಣು ಮುಚ್ಚಿಕೊಂಡು ಕೈ ಎತ್ತಿಯೇ ಬಿಟ್ಟ.

ಯಾವುದಕ್ಕೆ ಎತ್ತಿದ? ಎಲ್ಲ ನಾನೇ ಹೇಳಬೇಕೇನೇ, ನೀನೇ ಹೇಳು ನೋಡೋಣ.