ಅಡುಗೆಮನೆಗೆ ಬೆನ್ನು

ಟಾರ್ಚ್ ಸಾಹೇಬರು ಎನ್ನುವುದು ಊರಿನ ಅಡುಗೆಯವರು ಇಟ್ಟ ಹೆಸರು. ಮೂವತ್ತೊಂದು ವರ್ಷ ಹೋಟೆಲುಗಳ ಅಡುಗೆಮನೆ ತಪಾಸಣೆ ಮಾಡಿ ನಿವೃತ್ತರಾದವರಿಗೆ ಇದಕ್ಕಿಂತ ಒಳ್ಳೆಯ ಹೆಸರು ಸಿಗುವುದು ಕಷ್ಟ. ಬೆಳಗ್ಗೆ ಹನ್ನೊಂದೂವರೆಗೆ, ಒಲೆಗಳೆಲ್ಲ ಉರಿಯುತ್ತ ಯಾರಿಗೂ ತಲೆ ಕೆರೆದುಕೊಳ್ಳಲು ಪುರುಸೊತ್ತಿಲ್ಲದ ಹೊತ್ತು ನೋಡಿಕೊಂಡು, ಹಿಂಬಾಗಿಲಿನಿಂದ ನುಗ್ಗಿ ಫ್ರಿಜ್ಜಿನ ಅಡಿಗೆ ಟಾರ್ಚ್ ಬಿಡುವುದು ಅವರ ಕ್ರಮವಾಗಿತ್ತು. ಮುಂಬಾಗಿಲಿನಿಂದ ಹೋದರೆ ಕಾಣುವುದು ಮೇಜಿನ ಬಟ್ಟೆ ಮಾತ್ರ ಎಂದು ಅವರು ಹೇಳುತ್ತಿದ್ದರು.

ಈ ಸಿದ್ಧಾಂತದಿಂದ ಊಟಕ್ಕೆ ಕಲ್ಲು ಬಿದ್ದದ್ದು ಮಾತ್ರ ಅವರ ಹೆಂಡತಿಗೆ. ಆಕೆ ಪರದೆ ಹೊಲಿಯುವವರು. ಊರಿನ ಅರ್ಧ ದೊಡ್ಡ ಹೋಟೆಲುಗಳ ಕಿಟಕಿಗಳಲ್ಲಿ ತೂಗುವುದು ಆಕೆಯ ಕೈಯ ಪರದೆಗಳೇ. ಆದರೆ ಅವುಗಳ ಪಕ್ಕ ಕುಳಿತು ಒಂದು ತುತ್ತು ತಿಂದದ್ದಿಲ್ಲ. ಎಲ್ಲಿಗಾದರೂ ಹೋಗೋಣ ಎಂದು ಬಾಯಿ ತೆರೆದರೆ ಸಾಕು, "ಅಲ್ಲಿಗಾ? ಅಲ್ಲಿನ ಹಿಟ್ಟಿನ ಡಬ್ಬದಲ್ಲಿ ಏನಿತ್ತು ಗೊತ್ತಾ?" ಎಂದು ಸಾಹೇಬರು ಶುರುಮಾಡುತ್ತಿದ್ದರು. ಕಥೆ ಮುಗಿಯುವ ಹೊತ್ತಿಗೆ ಆಕೆಯ ಹಸಿವೂ ಮುಗಿದಿರುತ್ತಿತ್ತು.

ಅರವತ್ತನೆಯ ಹುಟ್ಟುಹಬ್ಬಕ್ಕೆ ಹತ್ತು ದಿನ ಇರುವಾಗ ಆಕೆ ಹೊಲಿಗೆ ಯಂತ್ರ ನಿಲ್ಲಿಸಿ ಹೇಳಿದರು: "ರೀ, ಈ ಸಲ ನಾನು ಹೊರಗೆ ಊಟ ಮಾಡೋದೇ. ಒಳ್ಳೇ ಜಾಗ, ಒಳ್ಳೇ ತಟ್ಟೆ, ಬಡಿಸೋಕೆ ಬೇರೆಯವರು. ನೀವು ಬಂದರೆ ಸಂತೋಷ. ಬರದಿದ್ರೆ ಮಗಳ ಜೊತೆ ಹೋಗ್ತೀನಿ."

"ಬರದೇ ಇರ್ತೀನಾ? ಜಾಗ ನಾನೇ ಆರಿಸ್ತೀನಿ," ಎಂದರು ಸಾಹೇಬರು.

ತಾಯಿ ಮಗಳು ಮುಖ ಮುಖ ನೋಡಿಕೊಂಡರು.

ಮಗಳು ಏಳು ಹೋಟೆಲುಗಳ ಪಟ್ಟಿ ತಂದಳು. ಸಾಹೇಬರು ಪೆನ್ನು ಬಿಚ್ಚಿದರು. ಸೇತುವೆ ಪಕ್ಕದ್ದು: ಇಲಿ, ಎರಡು ಸಲ. ಗಡಿಯಾರ ಗೋಪುರದ ಎದುರಿನದು: ಸೊಪ್ಪು ತೊಳೆಯುವ ತೊಟ್ಟಿಯಲ್ಲೇ ಒರೆಸುವ ಬಟ್ಟೆ ಒಗೆಯುತ್ತಿದ್ದರು. ಎತ್ತರದ ಕಟ್ಟಡದ ತುದಿಯಲ್ಲಿರುವ, ಊರಿಗೇ ಹೆಸರುವಾಸಿಯಾದದ್ದಂತೂ, "ಅಲ್ಲಿ ಸಾಸಿಗೆ ಮುಚ್ಚಳ ಇರಲಿಲ್ಲ, ಅದರ ಮೇಲೇ ಒಬ್ಬ ಸೀನಿದ." ಆರು ಹೆಸರುಗಳ ಮೇಲೆ ಗೀಟು ಬಿತ್ತು.

"ಏಳನೇದರಲ್ಲಿ ಏನು ಕಂಡ್ರಿ ಹೇಳಿ ಅಪ್ಪಾ," ಎಂದಳು ಮಗಳು.

ಸಾಹೇಬರು ಹೆಸರನ್ನು ಮತ್ತೆ ಮತ್ತೆ ಓದಿದರು. ನೆನಪು ಕೆದಕಿದರು. ಏನೂ ಸಿಗಲಿಲ್ಲ.

"ಸಿಗಲ್ಲ. ನೀವು ರಿಟೈರ್ ಆದ ಮೇಲೆ ಶುರುವಾಗಿದ್ದು ಅದು," ಎಂದು ಹೇಳಿ ಮಗಳು ಅಲ್ಲೇ ಫೋನ್ ಮಾಡಿ ಹುಟ್ಟುಹಬ್ಬದ ಭಾನುವಾರ ಮಧ್ಯಾಹ್ನಕ್ಕೆ ಮೂವರಿಗೆ ಟೇಬಲ್ ಹೇಳಿಬಿಟ್ಟಳು.

ಹೆಂಡತಿಯ ಸಂಭ್ರಮಕ್ಕೆ ಪಾರವೇ ಇರಲಿಲ್ಲ. ಕೆಂಪು ಬಣ್ಣದ ಹೊಸ ಚಪ್ಪಲಿ ಬಂತು. ಅದನ್ನು ಹಾಕಿಕೊಂಡು ಮೇಲಿನ ಮನೆಗೂ ಕೆಳಗಿನ ಮನೆಗೂ ಹೋಗಿ ಬಂದರು. ಸೂಜಿಗೆ ದಾರ ಪೋಣಿಸಲು ಆಕೆಗೆ ಕಣ್ಣು ಚುರುಕು. ಎರಡು ಮೊಳ ಆಚೆಯದೆಲ್ಲ ಮಂಜು. ಅದಕ್ಕೆಂದು ಇದ್ದ ದಪ್ಪ ಗಾಜಿನ ಕನ್ನಡಕವನ್ನು ಕನ್ನಡಿಯ ಮುಂದೆ ಹಾಕಿ ತೆಗೆದು ನೋಡಿ, "ಇದು ಹಾಕ್ಕೊಂಡ್ರೆ ಗೂಬೆ ಥರ ಕಾಣ್ತೀನಿ," ಎಂದು ಗೊಣಗಿದ್ದು ಸಾಹೇಬರ ಕಿವಿಗೆ ಬಿದ್ದಿತ್ತು. ತಲೆಗೆ ಹೋಗಿರಲಿಲ್ಲ. ಅವರ ತಲೆಯ ತುಂಬ ಆ ಏಳನೆಯ ಹೋಟೆಲಿನ ಫ್ರಿಜ್ಜೇ ಇತ್ತು. ನೋಡದ ಅಡುಗೆಮನೆಯ ಊಟ ಗಂಟಲಲ್ಲಿ ಇಳಿಯುವುದು ಹೇಗೆ?

ಶುಕ್ರವಾರ ಬೆಳಗ್ಗೆ ಅವರ ಕಾಲುಗಳೇ ಅವರನ್ನು ಎಳೆದುಕೊಂಡು ಹೋದವು. ಗಂಟೆ ಹನ್ನೊಂದೂವರೆ. ಹಿಂದಿನ ಓಣಿ, ಕಸದ ಡಬ್ಬಗಳು, ತೆರೆದಿದ್ದ ಹಿಂಬಾಗಿಲು. ಒಳಗೆ ಹೋದವರೇ ಮೊಣಕಾಲೂರಿ ಫ್ರಿಜ್ಜಿನ ಅಡಿಗೆ ಟಾರ್ಚ್ ಬಿಟ್ಟರು.

ಯಾರದೋ ಕೈಯಿಂದ ಸೌಟು ಜಾರಿತು. ಬಿಳಿ ಕೋಟು ತೊಟ್ಟ, ದಪ್ಪ ಜಡೆಯ ಹೆಂಗಸೊಬ್ಬಳು ಸೊಂಟಕ್ಕೆ ಕೈಕೊಟ್ಟು ನಿಂತಳು. ಹೋಟೆಲಿನ ಮುಖ್ಯ ಅಡುಗೆಯವಳು, ಒಡತಿಯೂ ಅವಳೇ.

"ಟಾರ್ಚ್ ಸಾಹೇಬ್ರು! ಹತ್ತು ವರ್ಷದ ಹಿಂದೆ ನನ್ನ ಚಿಕ್ಕ ಅಂಗಡಿಗೆ ಮೂರು ವಾರ ಬೀಗ ಹಾಕಿಸಿದ್ರಿ. ತಪ್ಪು ನಂದೇ, ಅದಕ್ಕೆ ಬೇಜಾರಿಲ್ಲ. ಅವತ್ತು ನಿಮ್ಮ ಡ್ಯೂಟಿ ಇತ್ತು. ಇವತ್ತು ಯಾವ ಲೆಕ್ಕದಲ್ಲಿ ಬಂದ್ರಿ?"

ಸಾಹೇಬರು ಎದ್ದು ಮೊಣಕಾಲು ಕೊಡವಿಕೊಂಡರು. "ಭಾನುವಾರ ನಮ್ಮ ಟೇಬಲ್ ಇದೆ. ಸ್ವಲ್ಪ ನೋಡಿಹೋಗೋಣ ಅಂತ..."

"ಇತ್ತು. ಈಗ ಇಲ್ಲ," ಎಂದು ಅವಳು ಬಾಗಿಲು ತೋರಿಸಿದಳು.

ಮನೆಯಲ್ಲಿ ಹೆಂಡತಿ ಕೆಂಪು ಚಪ್ಪಲಿಯನ್ನು ಒರೆಸಿ ಮತ್ತೆ ಡಬ್ಬಕ್ಕೆ ಹಾಕುತ್ತಿದ್ದರು. "ಅಲ್ಲಿ ಮೊದಲು ಸೂಪು ಕೊಡ್ತಾರಂತೆ ರೀ. ತಟ್ಟೆ ಬಿಸಿ ಮಾಡಿ ತರ್ತಾರಂತೆ. ತಟ್ಟೇನ!" ಎಂದು ನಕ್ಕರು. ಟೇಬಲ್ ಹೋದ ಸುದ್ದಿಯನ್ನು ಸಾಹೇಬರು ಆಗ ಹೇಳಲಿಲ್ಲ. ಸಂಜೆಯೂ ಹೇಳಲಾಗಲಿಲ್ಲ. ಮೂವತ್ತೊಂದು ವರ್ಷ ಹೆದರಿಸಿ ತಿನ್ನಗೊಡದೆ ಇದ್ದದ್ದು ಸಾಲದೆಂಬಂತೆ, ಕೈಗೆ ಬಂದ ಊಟವನ್ನೂ ತಾವೇ ಕಿತ್ತುಕೊಂಡಿದ್ದರು. ಅವರಿಗೆ ತಮ್ಮ ಮೇಲೇ ನಾಚಿಕೆಯಾಯಿತು.

ಶನಿವಾರ ಮತ್ತೆ ಹೋದರು. ಈ ಸಲ ಮುಂಬಾಗಿಲಿಗೆ. ಹೋಟೆಲಿನ ಮುಂಬಾಗಿಲು ಅವರಿಗೆ ಹೊಸದು. ಎಳೆಯುವ ಬಾಗಿಲನ್ನು ಎರಡು ನಿಮಿಷ ತಳ್ಳಿದರು. ಕೊನೆಗೆ ಅಡುಗೆಯವಳೇ ಬಂದು ತೆರೆದಳು.

"ತಪ್ಪಾಯ್ತಮ್ಮ," ಎಂದರು ಸಾಹೇಬರು ನೇರವಾಗಿ. "ನನ್ನ ಹೆಂಡತಿ ನನ್ನಿಂದಾಗಿ ಒಂದು ದಿನವೂ ಹೊರಗೆ ಕೂತು ಉಂಡಿಲ್ಲ. ನಾಳೆ ಅವಳಿಗೆ ಅರವತ್ತು. ನನಗೆ ಬೇಡ, ನಾನು ಹೊರಗೆ ಬೆಂಚಿನ ಮೇಲೆ ಕೂತಿರ್ತೀನಿ. ಅವಳಿಗೂ ಮಗಳಿಗೂ ಊಟ ಕೊಡು."

ಅವಳು ಅವರನ್ನು ಮೇಲಿಂದ ಕೆಳಗೆ ನೋಡಿದಳು. ಸಿಟ್ಟು ಸ್ವಲ್ಪ ಇಳಿದಿತ್ತು.

"ಒಂದೇ ಟೇಬಲ್ ಉಳಿದಿದೆ. ಅಡುಗೆಮನೆ ಬಾಗಿಲ ಎದುರು. ನೀವೂ ಬನ್ನಿ. ಆದರೆ ಅಡುಗೆಮನೆಗೆ ಬೆನ್ನು ಹಾಕಿ ಕೂರಬೇಕು. ಒಂದು ಸಲ ತಿರುಗಿದ್ರೂ ಊಟ ಅಲ್ಲಿಗೇ ನಿಲ್ಲುತ್ತೆ. ಹಾಂ, ಆ ಟಾರ್ಚ್ ಇಲ್ಲಿ ಕೊಡಿ."

ಸಾಹೇಬರು ಒಂದು ಕ್ಷಣ ತಡವರಿಸಿ ಜೇಬಿನಿಂದ ತೆಗೆದು ಕೊಟ್ಟರು.

ಭಾನುವಾರ ಮಧ್ಯಾಹ್ನ ಹೆಂಡತಿ ಒಳಗೆ ಬಂದವರೇ ಬಾಗಿಲ ಪಕ್ಕದ ಪರದೆಯ ಅಂಚು ಮಡಿಸಿ ನೋಡಿದರು. "ನನ್ನದೇ ಹೊಲಿಗೆ! ನೋಡೇ, ಇಲ್ಲಿ ಮೂಲೇಲಿ ಎರಡು ಹೊಲಿಗೆ ಜಾಸ್ತಿ ಹಾಕಿದೀನಿ," ಎಂದು ಮಗಳಿಗೆ ತೋರಿಸಿದರು. ಆಕೆಯ ಮುಖದ ಗೆಲುವು ಕಂಡು ಸಾಹೇಬರ ಎದೆ ತುಂಬಿ ಬಂತು. ಷರತ್ತಿನ ಸಂಗತಿಯನ್ನು ಅವರು ಬೆಳಗ್ಗೆಯೇ ಇಬ್ಬರಿಗೂ ಹೇಳಿಬಿಟ್ಟಿದ್ದರು. ತಾಯಿ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಸಾಹೇಬರು ಬೆನ್ನು ಹಾಕಿ ಕುಳಿತರು. ಹೆಂಡತಿ ಅಡುಗೆಮನೆಗೆ ಮುಖಮಾಡಿ ಎದುರಿಗೆ ಕುಳಿತರು.

ಕುಂಬಳಕಾಯಿ ಸೂಪು ಬಂತು. ತಟ್ಟೆ ನಿಜವಾಗಿಯೂ ಬಿಸಿಯಿತ್ತು; ಹೆಂಡತಿ ಎರಡು ಸಲ ಮುಟ್ಟಿ ನೋಡಿದರು. ಸಾಹೇಬರಿಗೆ ಮಾತ್ರ ಬೆನ್ನೆಲ್ಲ ಕಿವಿಯಾಗಿತ್ತು. ಅಲ್ಲಿ ನೀರು ಬಿಟ್ಟರು. ಇಲ್ಲಿ ಮುಚ್ಚಳ ಮುಚ್ಚಿದರು. ಅದು ಮುಚ್ಚಳದ ಸದ್ದೇ ತಾನೇ? ಅವರು ಸೂಪಿನಲ್ಲಿ ಚಮಚ ಆಡಿಸುತ್ತಲೇ ಇದ್ದರು, ಬಾಯಿಗಿಡಲಿಲ್ಲ. ಮಗಳ ತಟ್ಟೆ ಆಗಲೇ ಖಾಲಿ.

ಅಷ್ಟರಲ್ಲಿ ಒಳಗೆ ಏನೋ ಧಡಾರನೆ ಬಿತ್ತು. ಸಾಹೇಬರ ಕತ್ತು ಅರ್ಧ ತಿರುಗಿಯೇಬಿಟ್ಟಿತ್ತು. ಕುರ್ಚಿಯ ಅಂಚು ಗಟ್ಟಿಯಾಗಿ ಹಿಡಿದು ತಡೆದುಕೊಂಡರು.

"ಏನದು? ಏನು ಬಿತ್ತು? ಬಿದ್ದಿದ್ದನ್ನ ಏನು ಮಾಡಿದ್ರು?"

ಹೆಂಡತಿ ಕತ್ತೆತ್ತಿ ಬಾಗಿಲಿನತ್ತ ಬಹಳ ಹೊತ್ತು ನೋಡಿದರು.

"ಬಿದ್ದಿದ್ದನ್ನ ಕಸಕ್ಕೆ ಹಾಕಿದ್ರು. ನೆಲ ಒರೆಸಿದ್ರು. ಕೈ ತೊಳಕೊಂಡ್ರು."

"ಸೋಪು ಹಾಕಿ?"

"ರೀ," ಎಂದರು ಹೆಂಡತಿ, ಚಮಚ ಕೆಳಗಿಟ್ಟು. "ಮೂವತ್ತೊಂದು ವರ್ಷ ನಾನು ನಿಮ್ಮ ಮಾತು ನಂಬಿ ಒಂದು ಹೋಟೆಲಿನ ಮೆಟ್ಟಿಲೂ ಹತ್ತಲಿಲ್ಲ. ಇವತ್ತು ಒಂದು ದಿನ ನೀವು ನನ್ನ ಮಾತು ನಂಬಿ ಊಟ ಮಾಡಿ."

ಸಾಹೇಬರು ಕುರ್ಚಿಯ ಅಂಚು ಬಿಟ್ಟರು. ಕಣ್ಣು ಮುಚ್ಚಿ ಒಂದು ಚಮಚ ಬಾಯಿಗಿಟ್ಟರು. ಕಣ್ಣು ತೆರೆದು ಇನ್ನೊಂದು. ಆಮೇಲೆ ತಟ್ಟೆ ಓರೆ ಮಾಡಿ ಕೊನೆಯ ಹನಿಯನ್ನೂ ಕೆರೆದರು. ಹುರಿದ ಅಣಬೆ ಬಂದಾಗ ಮಗಳ ಪಾಲಿಗೂ ಕೈ ಹಾಕಿದರು. ಹೆಂಡತಿ ಒಂದೊಂದು ತಟ್ಟೆಯನ್ನೂ ನಿಧಾನವಾಗಿ ಉಂಡು, ಕೇಕಿನ ಮೇಲಿನ ಮೇಣದಬತ್ತಿಯನ್ನು ಒಂದೇ ಉಸಿರಿಗೆ ಆರಿಸಿ, ಇಂಥ ಊಟ ಜನ್ಮದಲ್ಲಿ ಉಂಡಿಲ್ಲ ಎಂದು ಬಾಯಿ ತುಂಬ ಹೇಳಿದರು.

ಹೊರಡುವಾಗ ಅಡುಗೆಯವಳು ಟಾರ್ಚನ್ನು ಬಾಗಿಲಲ್ಲೇ ವಾಪಸು ಕೊಟ್ಟಳು. "ತಿರುಗಲಿಲ್ಲ ನೀವು. ನೋಡ್ತಾನೇ ಇದ್ದೆ," ಎಂದು ನಕ್ಕಳು.

ಮಗಳು ಆಗಲೇ ರಸ್ತೆಗೆ ಇಳಿದಿದ್ದಳು. ಹೊರಗೆ ಮೆಟ್ಟಿಲ ಮೇಲೆ ಹೆಂಡತಿ ನಿಂತು ಸಾಹೇಬರ ತೋಳು ಹಿಡಿದರು. "ಎಷ್ಟು ಮೆಟ್ಟಿಲಿವೆ ಹೇಳ್ರೀ. ನನಗೆ ಕೆಳಗೆ ಎಲ್ಲಾ ಮಸಕು. ಕನ್ನಡಕ ಮನೇಲಿದೆ."

ಸಾಹೇಬರು ನಿಂತಲ್ಲೇ ನಿಂತರು. "ಮನೇಲಿ? ಹಾಗಾದ್ರೆ ಒಳಗೆ ಕಸಕ್ಕೆ ಹಾಕಿದ್ದು, ಕೈ ತೊಳೆದದ್ದು?"

"ಬಿಳಿ ಬಿಳಿ ಏನೋ ಓಡಾಡ್ತಿತ್ತು, ಅಷ್ಟೇ ಕಂಡಿದ್ದು. ಊಟ ಚೆನ್ನಾಗಿತ್ತು ತಾನೇ?"

ಸಾಹೇಬರು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಯೋಚಿಸಿದರು. ಹೊಟ್ಟೆ ಏನೂ ದೂರಲಿಲ್ಲ. ಅವರಿಗೆ ನಗು ತಡೆಯಲಾಗಲಿಲ್ಲ, ಹೆಂಡತಿಯೂ ನಕ್ಕರು. ನಗು ನಿಂತ ಮೇಲೆ ಅವರು ಟಾರ್ಚನ್ನು ಜೇಬಿಗೆ ಹಾಕಿಕೊಂಡು ಆಕೆಯ ಕೈ ಹಿಡಿದರು.

"ಮೂರು ಮೆಟ್ಟಿಲು," ಎಂದರು. "ನಿಧಾನ ಇಳಿ. ಮುಂದಿನ ತಿಂಗಳು ಸೇತುವೆ ಪಕ್ಕದ್ದಕ್ಕೆ ಹೋಗೋಣ. ಕನ್ನಡಕ ತರಬೇಡ."